ಕ್ಯಾಂಟೀನ್ ಆಚೆಯ ದಾರಿ

ಫೆಬ್ರವರಿ ೩, ಮಂಗಳವಾರ. ಮಧ್ಯಾಹ್ನ, ಅಂಗಡಿ

ಬೆಳಗ್ಗೆಯಿಂದ ಮೂರು ಜನ ಮಲಗಿ ಎದ್ದು ಹೋದರು. ಕೊಂಡವರು ಯಾರೂ ಇಲ್ಲ. ಬೇರೆ ಯಾವ ಅಂಗಡಿಯಲ್ಲಿ ಗಿರಾಕಿ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಗೊರಕೆ ಶುರುವಾಗೋ ಹೊತ್ತಿಗೆ ಎದ್ದು "ಮನೇಲಿ ಕೇಳಿ ಬರ್ತೀವಿ" ಅಂತಾನೆ? ಹಾಸಿಗೆ ಅಂಗಡಿಯಲ್ಲಿ ಮಾತ್ರ.

ಆಮೇಲೆ ಬಂದವನನ್ನು ಬಿಡಲಿಲ್ಲ. ಬ್ಯಾಂಕ್ ಮ್ಯಾನೇಜರ್ ಹೆಂಡತಿಯ ಸೊಂಟದ ಕಥೆ ತೆಗೆದೆ. ಬಗ್ಗಿ ಚಪ್ಪಲಿ ಹಾಕ್ಕೊಳ್ಳಲಾರದವರು ಈಗ ಬೆಳಗ್ಗೆ ಮನೆಯೆಲ್ಲ ಒರೆಸ್ತಾರೆ ಅಂದೆ. ಡಬಲ್ ಸೈಜ್ ಹೋಯಿತು. ಇನ್ನೊಬ್ಬರ ನೋವು ಹೇಳದೆ ನನ್ನ ಕೈಯಲ್ಲಿ ಒಂದು ದಿಂಬೂ ಮಾರಾಟವಾಗಿಲ್ಲ. ಹಾಸಿಗೆ ಸುರುಳಿ ಹೆಗಲಿಗೇರಿಸಿ ಬೀದಿ ಸುತ್ತಿದ ಕಾಲದಿಂದ ಬಂಡವಾಳ ಇದೊಂದೇ. ಬಾಯಿ.

ಮನೆಯಲ್ಲಿ ಆ ಬಂಡವಾಳ ಓಡಲ್ಲ. ಇವಳಿಗೆ ಆಪರೇಷನ್ ಆದಾಗಿನಿಂದ ಒಂದೇ ತೊಂದರೆ. ಬಂತು ಅಂದರೆ ಬಂತು, ತಡೆಯೋಕೆ ಆಗಲ್ಲ. ಒಂದು ಸಲ ಬಸ್ಸಿನಲ್ಲಿ ಆಗಬಾರದ್ದು ಆಗಿಹೋಯಿತು. ಅವತ್ತಿನಿಂದ ನಮ್ಮ ಬೀದಿಯ ತಿರುವು ದಾಟಿಲ್ಲ. ಇಡೀ ಸ್ಕೂಲನ್ನು ಬಿಸಿಲಲ್ಲಿ ಓಡಿಸಿದ ಪಿ.ಟಿ. ಟೀಚರ್. ವಿಸಿಲ್ ಅಡುಗೆಮನೆ ಬಾಗಿಲ ಹಿಂದೆ ಮೊಳೆಗೆ ನೇತಾಡ್ತಿದೆ.

ಡಾಕ್ಟರ್ ಹೇಳ್ತಾರೆ — ಮೈ ಸರಿಹೋಗಿದೆ, ಭಯ ಉಳಿದಿದೆ, ಹೊರಗೆ ನಡೀಲಿ. ಇವಳು ಹೇಳ್ತಾಳೆ — ಅವರ ರೂಮಿಗೆ ಅಂಟಿಕೊಂಡೇ ಟಾಯ್ಲೆಟ್ ಇದೆ, ಅವರಿಗೇನು.

ನಿನ್ನೆ ಮಗಳು ಫೋನಿಗೆ ವಿಡಿಯೋ ಕಳಿಸಿದ್ದಳು. ಸಮುದ್ರದ ಅಂಚಲ್ಲಿ ನಡೆಯೋಕೆ ಮಾಡಿದ ಟ್ರೇಲ್, ಕೊನೆಗೆ ಲೈಟ್‌ಹೌಸ್. ಇವಳು ಮತ್ತೆ ಮತ್ತೆ ನೋಡಿದಳು.

"ಹೋಗೋಣವಾ?" ಅಂದೆ.

"ಅಲ್ಲಿ ಎಲ್ಲಿದೆ?" ಅಂದಳು.

ಏನು ಎಲ್ಲಿದೆ ಅಂತ ಕೇಳಲಿಲ್ಲ. ಹುಡುಕಿಕೊಂಡೇ ಬರ್ತೀನಿ. ಇಷ್ಟು ವರ್ಷ ಊರಿಗೆಲ್ಲ ನಿದ್ದೆ ಮಾರಿದವನಿಗೆ ಒಬ್ಬಳನ್ನು ಲೈಟ್‌ಹೌಸ್ ಮುಟ್ಟಿಸೋಕೆ ಆಗಲ್ವಾ?

ಫೆಬ್ರವರಿ ೧೦, ಮಂಗಳವಾರ. ಸಂಜೆ

ಅಂಗಡಿಗೆ ರಜೆ ಹಾಕಿದೆ. ಗೋಡೌನ್ ನೋಡೋಕೆ ಅಂತ ಹೇಳಿ ಟ್ರೇಲ್‌ಗೆ ಹೋದೆ. ಸ್ಟಾಕ್ ಲೆಕ್ಕ ತಗೊಳ್ಳೋ ಹಾಗೇ ನೋಡಿದೆ.

ಪಾರ್ಕಿಂಗ್ ಪಕ್ಕದಲ್ಲೇ ಟಾಯ್ಲೆಟ್, ಹೊಸದು, ಒಳಗೆ ಕೊಕ್ಕೆ ಗಟ್ಟಿ. ಟಿಕೆಟ್ ಕೌಂಟರ್ ದಾಟಿದರೆ ಮರದ ಹಲಗೆ ಹಾಸಿದ ದಾರಿ, ಒಂದು ಕಡೆ ಕಂಬಿ, ಕೆಳಗೆ ಬಂಡೆ, ನೊರೆ. ಬೆಂಚುಗಳು ಒಳ್ಳೆ ಜಾಗದಲ್ಲಿವೆ, ಒರಗೋಕೆ ಮಾತ್ರ ಏನೂ ಇಲ್ಲ (ಬೆನ್ನಿನ ಬಗ್ಗೆ ಗೊತ್ತಿಲ್ಲದವರು ಮಾಡಿಸಿದ್ದು). ಏರು ಮುಗಿದ ಕಡೆ ಕ್ಯಾಂಟೀನ್. ಹಿಂದೆ ಇನ್ನೊಂದು ಟಾಯ್ಲೆಟ್, ಬೀಗ. ಕೀ ಕ್ಯಾಂಟೀನ್ ಗೋಡೆಯ ಮೊಳೆಯಲ್ಲಿ, ಒಂದು ಹಳೇ ಸೌಟಿಗೆ ಕಟ್ಟಿದ್ದಾರೆ. ಜನ ಜೇಬಿಗೆ ಹಾಕ್ಕೊಂಡು ಹೋಗಬಾರದಲ್ಲ.

ಕ್ಯಾಂಟೀನ್ ಆಚೆ ಕಲ್ಲಿನ ಮೆಟ್ಟಿಲು, ಆಮೇಲೆ ಲೈಟ್‌ಹೌಸ್. ಅಲ್ಲಿ ಗಾಳಿ ಬಿಟ್ಟರೆ ಏನೂ ಇಲ್ಲ. ನಲ್ಲಿಯೂ ಇಲ್ಲ, ಮರೆಯೂ ಇಲ್ಲ. ಮೆಟ್ಟಿಲ ಅರ್ಧಕ್ಕೇ ನನ್ನ ಉಸಿರು ಅಂಗಡಿ ಮುಚ್ಚಿತು. ಹೋಗಲಿ, ಕ್ಯಾಂಟೀನ್ ತನಕ ಕರ್ಕೊಂಡು ಬಂದರೂ ಗೆದ್ದ ಹಾಗೇ.

ಟೀ ಕುಡಿತಾ ಕ್ಯಾಂಟೀನ್ ಅಕ್ಕನ ಜೊತೆ ಮಾತಿಗೆ ಕೂತೆ. ಒಳ್ಳೆ ಹೆಂಗಸು. ಕಂಬಿ ಹತ್ತಿದವರಿಗೆ ವಿಸಿಲ್ ಊದೋ ಗಾರ್ಡೂ ಬಂದ. ಇಬ್ಬರಿಗೂ ವಿಷಯ ತಿಳಿಸಿದೆ — ಹೀಗೀಗೆ, ಮನೆಯವರಿಗೆ ಆಪರೇಷನ್, ತಡೆಯೋಕಾಗಲ್ಲ, ಭಾನುವಾರ ಕರ್ಕೊಂಡು ಬರ್ತೀನಿ, ಸ್ವಲ್ಪ ನೋಡ್ಕೊಳ್ಳಿ. ಅಕ್ಕ ಕಣ್ಣಲ್ಲಿ ನೀರು ತಂದುಕೊಂಡಳು. "ನೀವು ಯೋಚನೆ ಬಿಡಿ ಸಾರ್, ನಮ್ಮಕ್ಕ ಅಂದ್ಕೋತೀನಿ" ಅಂದಳು. ಬರುವಾಗ ಟಿಕೆಟ್ ಕೌಂಟರಿನವನಿಗೂ ಹೇಳಿ ಬಂದೆ.

ಕೆಲಸ ಅಂದರೆ ಹೀಗೆ ಮುಗಿಸಬೇಕು.

ಫೆಬ್ರವರಿ ೧೩, ಶುಕ್ರವಾರ

ಒಪ್ಪಿದಳು!

ಟೇಬಲ್ ಮೇಲೆ ಸಕ್ಕರೆ ಡಬ್ಬಿ ಪಾರ್ಕಿಂಗ್, ಉಪ್ಪಿನ ಡಬ್ಬಿ ಕ್ಯಾಂಟೀನ್, ಲೋಟ ಲೈಟ್‌ಹೌಸ್ ಮಾಡಿ ತೋರಿಸಿದೆ. ಸಕ್ಕರೆ, ಉಪ್ಪು ಎರಡರ ಹತ್ತಿರವೂ ಟಾಯ್ಲೆಟ್ ಇದೆ ಅಂದೆ.

"ಗೋಡೌನಿಗೆ ಹೋಗಿದ್ದೆ ಅಂದಿರಿ" ಅಂದಳು.

"ಅದೂ ಒಂಥರಾ ಗೋಡೌನೇ."

ನಕ್ಕಳು. ಎಷ್ಟು ದಿನ ಆಗಿತ್ತು ಆ ನಗು ನೋಡಿ. ಉಪ್ಪಿನ ಡಬ್ಬಿ ಸರಿಸ್ತಾ ಸರಿಸ್ತಾ ಕೊನೆಗೆ ಹೇಳಿದಳು, "ಬರ್ತೀನಿ. ಒಂದು ಮಾತು. ಅಲ್ಲಿ ಯಾರಿಗೂ ಗೊತ್ತಾಗಬಾರದು. ಎಲ್ಲರ ಹಾಗೆ ಹೋಗ್ತೀನಿ, ಎಲ್ಲರ ಹಾಗೆ ಬರ್ತೀನಿ."

ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕಿದೆ.

"ಯಾರಿಗೆ ಗೊತ್ತಾಗುತ್ತೆ ಬಿಡು" ಅಂದೆ.

ಭಾನುವಾರ ಜಾತ್ರೆ ಥರ ಜನ ಇರ್ತಾರೆ. ಅಷ್ಟು ಜನರಲ್ಲಿ ಅವರಿಗೆಲ್ಲಿ ನೆನಪಿರುತ್ತೆ.

ಫೆಬ್ರವರಿ ೧೫, ಭಾನುವಾರ. ಸಂಜೆ

ನೆನಪಿತ್ತು.

ಟಿಕೆಟ್ ಕೌಂಟರಿನವನು ಇವಳನ್ನೇ ನೋಡಿ ತಲೆ ಆಡಿಸಿದ. ಇವಳು ಗಮನಿಸಲಿಲ್ಲ, ಅಥವಾ ಗಮನಿಸದ ಹಾಗಿದ್ದಳು. ಮರದ ದಾರಿಯಲ್ಲಿ ಎಷ್ಟು ಚೆನ್ನಾಗಿ ನಡೆದಳು! ಸೆಲ್ಫಿ ತೆಗೆಯೋರನ್ನ ಪಕ್ಕಕ್ಕೆ ಸರಿಸ್ಕೊಂಡು, ಹಳೇ ನಡಿಗೆ. ನಾನು ಹಿಂದೆ ಬದಲಿ ಬಟ್ಟೆಯ ಚೀಲ ಹೊತ್ಕೊಂಡು ಏದುಸಿರು.

ಕ್ಯಾಂಟೀನ್ ಬಂತು. ಟಾಯ್ಲೆಟ್‌ಗೆ ಉದ್ದ ಸಾಲು. ಇವಳು ಅವಸರವಿಲ್ಲದ ಮುಖದಲ್ಲೇ ಕೊನೆಗೆ ನಿಂತಳು. ಅಷ್ಟರಲ್ಲಿ ಅಕ್ಕ ನನ್ನನ್ನು ನೋಡಿಬಿಟ್ಟಳು. ಟೀ ಪಾತ್ರೆ ಬಿಟ್ಟು ಓಡಿ ಬಂದಳು.

"ಅಯ್ಯೋ ಬನ್ನಿ ಬನ್ನಿ, ನೀವೇ ತಾನೆ ಅವರು? ಸಾರ್ ಎಲ್ಲ ಹೇಳಿದಾರೆ! ಸಾಲಲ್ಲಿ ನಿಲ್ಲಬೇಡಿ. ಏ ದಾರಿ ಬಿಡ್ರಮ್ಮಾ, ಇವರಿಗೆ ತಡೆಯೋಕಾಗಲ್ಲ! ಆಪರೇಷನ್ ಆಗಿದೆ!"

ಇಡೀ ಸಾಲು ತಿರುಗಿತು. ಪಾಪ, ಎಲ್ಲರೂ ದಾರಿ ಬಿಟ್ಟರು. ಒಬ್ಬ ಅಜ್ಜಿ "ನಂಗೂ ಹಂಗೇ ತಾಯಿ" ಅಂತ ಕೈ ಹಿಡ್ಕೊಂಡರು.

ಇವಳು ಅಜ್ಜಿಯ ಕೈ ಮೆಲ್ಲಗೆ ಬಿಡಿಸಿಕೊಂಡಳು. ನನ್ನ ಕಡೆ ಒಂದು ಸಲ ನೋಡಿದಳು. ಟಾಯ್ಲೆಟ್ ಕಡೆ ಹೋಗಲಿಲ್ಲ, ವಾಪಸ್ಸೂ ಹೊರಡಲಿಲ್ಲ. ಕ್ಯಾಂಟೀನ್ ದಾಟಿ ಮೆಟ್ಟಿಲ ಕಡೆ ನಡೆದಳು. ಏನೂ ಇಲ್ಲದ ಕಡೆ.

"ಏ ಇವಳೇ, ಆ ಕಡೆ ಇಲ್ಲ! ಆ ಕಡೆ ಏನೂ ಇಲ್ಲ!" — ಅದನ್ನೂ ಕೂಗಿದೆ. ಎಲ್ಲರೂ ಕೇಳೋ ಹಾಗೆ.

ಓಡಿದೆ. ಅರ್ಧ ಮೆಟ್ಟಿಲಿಗೆ ಕೂತುಬಿಟ್ಟೆ. ಅವಳು ತಿರುವಿನಲ್ಲಿ ಮರೆಯಾದಳು. ಮಡಿಲಲ್ಲಿ ಬದಲಿ ಬಟ್ಟೆ ಇಟ್ಕೊಂಡು ಕಾದೆ. ಹತ್ತೋರು ಇಳಿಯೋರು ನನ್ನನ್ನ ದಾಟಿ ಹೋದರು. ಮೇಲೆ ಏನಾಗ್ತಿದೆಯೋ ಅಂತ ಯೋಚಿಸಿ ಯೋಚಿಸಿ ನನಗೇ ಅವಸರವಾಯಿತು.

ತುಂಬ ಹೊತ್ತಾದ ಮೇಲೆ ಇಳಿದು ಬಂದಳು. ಕೆನ್ನೆ ಕೆಂಪು, ಕೂದಲು ಗಾಳಿಗೆ ಕೆದರಿ... ಸೀರೆ ಒದ್ದೆಯಾಗಿರಲಿಲ್ಲ. ನನ್ನನ್ನು ದಾಟಿ, ಗಾರ್ಡ್ ಮುಂದೆ ನಿಂತಳು. "ವಿಸಿಲ್ ಹಾಗಲ್ಲಪ್ಪ ಊದೋದು. ಕೆನ್ನೆ ಉಬ್ಬಿಸಬೇಡಿ, ಹೊಟ್ಟೆಯಿಂದ ಊದಿ" ಅಂದಳು. ಕ್ಯಾಂಟೀನಲ್ಲಿ ನಿಲ್ಲಲಿಲ್ಲ. ಪಾರ್ಕಿಂಗ್ ತನಕ ಎಲ್ಲೂ ನಿಲ್ಲಲಿಲ್ಲ.

ಕಾರಿನಲ್ಲಿ ತಡೆಯಲಾಗಲಿಲ್ಲ ನನಗೆ. "ನೋಡಿದೆಯಾ, ಅಷ್ಟು ದೂರ ಹೋಗಿ ಬಂದೆ, ಏನೂ ಆಗಲಿಲ್ಲ!"

"ನನ್ನ ಮೈ ನಿಮ್ಮ ಅಂಗಡಿ ಸರಕಲ್ಲ" ಅಂದಳು.



ಫೆಬ್ರವರಿ ೧೭, ಮಂಗಳವಾರ

ಮಾತಿಲ್ಲ. ಊಟ ಇದೆ, ಮಾತಿಲ್ಲ. ತಪ್ಪಾಯಿತು ಅಂದೆ. "ಹೂಂ" ಅಂದಳು. ಯಾಕೆ ಹೇಳಿದೆ ಅಂತ ವಿವರಿಸೋಕೆ ಶುರು ಮಾಡಿದೆ. ಎದ್ದು ಹೋದಳು.

ಮಗಳಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿ, "ಅಪ್ಪಾ, ಇದನ್ನ ಇನ್ನು ಯಾರ್ಯಾರಿಗೆ ಹೇಳಿದೀರಿ?" ಅಂದಳು.

"ನಿನಗೆ ಮಾತ್ರ... ಅಂಗಡಿ ಪಕ್ಕದ ಟೈಲರ್‌ಗೆ ಸ್ವಲ್ಪ."

"ಅಪ್ಪಾ. ಬಾಯಿ ಮುಚ್ಚಿ. ಅಮ್ಮ ಮಾತಾಡಿಸೋ ತನಕ."

ಇಷ್ಟೇ ತಾನೆ. ಮಾಡಿ ತೋರಿಸ್ತೀನಿ.

ಫೆಬ್ರವರಿ ೧೯, ಗುರುವಾರ. ಅಂಗಡಿ

ಅಂಗಡಿಯಿಂದಲೇ ಶುರು. ಗಂಡ ಹೆಂಡತಿ ಬಂದರು. ಮಲಗಿದರು. ಬ್ಯಾಂಕ್ ಮ್ಯಾನೇಜರ್ ಹೆಂಡತಿಯ ಸೊಂಟ ನಾಲಿಗೆ ತುದಿಗೆ ಬಂತು. ನುಂಗಿದೆ. ಆ ಹೆಂಗಸಿಗೂ ಯಾರಿಗೂ ಗೊತ್ತಾಗೋದು ಬೇಡವಾಗಿತ್ತೇನೋ. ನಾನು ಕೇಳಿದ್ದೇ ಇಲ್ಲ.

ಕೈ ಕಟ್ಟಿ ನಿಂತೆ. ಗಂಡ ಒಂದು ಕಣ್ಣು ತೆರೆದು, "ಯಾಕೆ, ಇದರಲ್ಲಿ ಏನಾದ್ರೂ ಡಿಫೆಕ್ಟ್ ಇದೆಯಾ?" ಅಂದ. ಇಬ್ಬರೂ ಎದ್ದು ಹೋದರು.

ಹೋಗಲಿ. ನಾಳೆಯೂ ಹೀಗೇ.

ಮಾರ್ಚ್ ೬, ಶುಕ್ರವಾರ

ಬಾಗಿಲ ಹತ್ತಿರ ಇವಳ ಶೂ. ಅಟ್ಟೆಯ ಸಂದಿಯಲ್ಲಿ ಮರಳು. ಒದ್ದೆ.

ಅಡುಗೆಮನೆ ಬಾಗಿಲ ಹಿಂದೆ ನೋಡಿದೆ. ಮೊಳೆ ಖಾಲಿ, ವಿಸಿಲ್ ಇಲ್ಲ.

ಕಾರ್ ಕೀ ಅಂಗಡಿಯಲ್ಲಿ ನನ್ನ ಹತ್ತಿರವೇ ಇತ್ತು. ಅಂದರೆ ಬಸ್ಸು. ಬಸ್ಸು! ಕೂತು ಹೋದಳೋ, ನಿಂತು ಹೋದಳೋ, ಎಲ್ಲಿ ಇಳಿದಳು, ಯಾವಾಗಿನಿಂದ ನಡೀತಿದೆ ಇದು...

ಸಾರು ಬಡಿಸಿದಳು. "ಉಪ್ಪು ಸರಿಯಿದೆಯಾ?" ಅಂದಳು.

"ಸರಿಯಿದೆ" ಅಂದೆ. ಕೇಳಲಿಲ್ಲ. ಊಟ ಮುಗಿಯೋ ಹೊತ್ತಿಗೆ ಬೆವರು ಇಳಿದಿತ್ತು. ಆದರೂ ಕೇಳಲಿಲ್ಲ.

ಮಾರ್ಚ್ ೧೫, ಭಾನುವಾರ. ಬೆಳಗ್ಗೆ, ಕ್ಯಾಂಟೀನ್

"ಬೇಕಾದರೆ ಬನ್ನಿ" ಅಂದಳು ಬಾಗಿಲಲ್ಲಿ. ಚಪ್ಪಲಿ ಸರಿಯಾಗಿ ಹಾಕ್ಕೊಳ್ಳದೆ ಓಡಿ ಬಂದೆ. ಬದಲಿ ಬಟ್ಟೆಯ ಚೀಲಕ್ಕೆ ಕೈ ಹಾಕಿದೆ, ಅವಳು ನೋಡಿದಳು, ಇಟ್ಟುಬಿಟ್ಟೆ. ಕೈ ಆಡಿಸೋಕೆ ಏನಾದರೂ ಬೇಕಲ್ಲ ಅಂತ ಈ ಪುಸ್ತಕ ತಂದೆ.

ಬಸ್ಸಲ್ಲೇ ಬಂದೆವು. ಕಿಟಕಿ ಪಕ್ಕ ಅವಳು. ದಾರಿಯುದ್ದ ನಾನು ಸೀಟಿನ ಅಂಚಲ್ಲಿ, ಅವಳು ಸಮುದ್ರ ನೋಡ್ಕೊಂಡು ಕಡ್ಲೆಕಾಯಿ ತಿಂದಳು.

ಟಿಕೆಟ್ ಕೌಂಟರಿನವನು "ಗುಡ್ ಮಾರ್ನಿಂಗ್ ಟೀಚರ್" ಅಂದ. ನನ್ನ ಕಡೆ ನೋಡಲೂ ಇಲ್ಲ. ಕ್ಯಾಂಟೀನಲ್ಲಿ ಮೊಳೆಯಿಂದ ಕೀ ತಾನೇ ತಗೊಂಡಳು, ಸೌಟು ಬೀಸ್ಕೊಂಡು ಹೋದಳು, ಬಂದಳು, ಮತ್ತೆ ನೇತುಹಾಕಿದಳು. ಯಾರೂ ತಲೆ ಎತ್ತಲಿಲ್ಲ. ಅಕ್ಕ ನನ್ನನ್ನು ನೋಡಿದ್ದೇ ಒಲೆ ಕಡೆ ತಿರುಗಿಕೊಂಡಳು. ಅವಳಿಗೂ ಪಾಠ ಆಗಿದೆ ಅಂತ ಕಾಣುತ್ತೆ.

ಕೆಂಪು ಟೋಪಿಯ ಹೆಂಗಸೊಬ್ಬರು ಬಂದರು. ದಿನಾ ಜೊತೆಗೆ ನಡೀತಾರಂತೆ. ನನ್ನನ್ನು ಮೇಲೆ ಕೆಳಗೆ ನೋಡಿ, "ಇವರು ಯಾರು ಟೀಚರ್?"

"ನಮ್ಮನೆಯವರು" ಅಂದಳು ಇವಳು. "ಮಾತು ಸ್ವಲ್ಪ ಕಡಿಮೆ."

ಒಲೆ ಕಡೆ ತಿರುಗಿದ್ದ ಅಕ್ಕನ ಬೆನ್ನು ಕುಲುಕಾಡಿತು. ನಾನು ಕೈ ಮುಗಿದೆ, ಅಷ್ಟೇ. ಟೀ ಬಿಸಿಯಿತ್ತು, ಬಾಯಿ ಸುಟ್ಟಿತು, ಅದನ್ನೂ ಹೇಳಲಿಲ್ಲ.

ಇಬ್ಬರೂ ಮುಂದೆ ಹೋದರು. "ನಿಧಾನ ಬನ್ನಿ, ಅರ್ಧದಲ್ಲಿ ಕೂರಬೇಡಿ" ಅಂತ ನನಗೆ ಅಪ್ಪಣೆ. ಟೀ ಆರಿಸೋ ನೆಪದಲ್ಲಿ ಇದನ್ನ ಬರೀತಿದೀನಿ. ಮೆಟ್ಟಿಲು ಇಲ್ಲಿಂದ ನೋಡಿದರೆ ಹೋದ ಸಲಕ್ಕಿಂತ ಹೆಚ್ಚಿದ ಹಾಗಿದೆ. ಇರಲಿ, ಹತ್ತೇ ಹತ್ತುತ್ತೀನಿ. ಏದುಸಿರು ಬರ್ತಿದ್ದರೆ ಮಾತು ಹೇಗೂ ಬರಲ್ಲ, ಅದೊಂದು ಅನುಕೂಲ.

ಮೇಲಿಂದ ವಿಸಿಲ್. ಗಾರ್ಡಿನದಲ್ಲ. ಇದು ಹೊಟ್ಟೆಯಿಂದ ಊದಿದ್ದು, ಚಿಕ್ಕದಾಗಿ ಎರಡು ಸಲ. ಸ್ಕೂಲಲ್ಲಿ ಸಾಲಿನ ಕೊನೆಯಲ್ಲಿ ಉಳಿದವನಿಗೆ ಊದ್ತಿದ್ದದ್ದು.

ಮತ್ತೆ ಊದಿದಳು. ಬಂದೆ, ಬಂದೆ —