ನಮ್ಮ ಮನ್ಯಾಗ ಆ ಬ್ಯಾನಿ ಇಲ್ಲ

ದೇವದುರ್ಗ
೧೨ ಮಾರ್ಚ್ ೧೯೮೪, ಸೋಮವಾರ

ನನ್ನ ಮುದ್ದಿನ ಅಂಬಣ್ಣನಿಗೆ,

ನಿನ್ನ ಸೋದರತ್ತೆ ಬಸವಂತಮ್ಮನ ಆಶೀರ್ವಾದ. ನಾವಿಲ್ಲಿ ಎಲ್ಲರೂ ಸುಖವಾಗಿದ್ದೇವೆ. ನಿನ್ನ ಮೈ ಈಗ ಹೇಗಿದೆ? ರಕ್ತ ಹೋಗುವುದು ಕಡಿಮೆಯಾಯಿತೇ? ನಿನ್ನ ಹೆಂಡತಿ ಕರೆಮ್ಮ ರೊಟ್ಟಿ ಬಿಡಿಸಿ ಬರೀ ಗಂಜಿ ಕುಡಿಸುತ್ತಿದ್ದಾಳೆ ಎಂದು ಬರೆದಿದ್ದೀ. ಇಪ್ಪತ್ತೇಳರ ಗಂಡಸು ಗಂಜಿ ಕುಡಿದು ಸಿಮೆಂಟ್ ಚೀಲ ಹೊರುತ್ತಾನೆ ಎಂದರೆ ಯಾರಾದರೂ ನಂಬಬೇಕೇ? ಹೊಟ್ಟೆಬಾಕ ನೀನು, ಉಂಡ ಮೇಲೂ ನನ್ನ ತಾಟಿಗೆ ಕೈ ಹಾಕುತ್ತಿದ್ದವನು. ದಿನಕ್ಕೊಂದು ಮೊಟ್ಟೆಯಾದರೂ ಕೊಡಲು ಅವಳಿಗೆ ಹೇಳು. ಪ್ಯಾಂಟು ಸೊಂಟದ ಮೇಲೆ ನಿಲ್ಲುತ್ತಿಲ್ಲ, ಹಗ್ಗ ಕಟ್ಟಿಕೊಂಡಿದ್ದೇನೆ ಎಂದು ನೀನು ಬರೆದದ್ದು ಓದಿ ನನಗೆ ಅಳು ಬಂತು. ಬಾಲವಾಡಿಯ ಮಕ್ಕಳ ಮುಂದೆ ಟೀಚರಮ್ಮ ಅಳಬಾರದೆಂದು ಮೂಗು ಒರೆಸಿಕೊಂಡು ಉಪ್ಪಿಟ್ಟು ಬಡಿಸಿದೆ.

ನಿನ್ನ ಅಪ್ಪ ಗದ್ದೆಪ್ಪ ಕುರಿ ಹೊಡೆದುಕೊಂಡು ಕೃಷ್ಣಾ ನದಿಯ ದಂಡೆಗೆ ಹೋಗಿದ್ದಾನೆ. ಇಲ್ಲಿ ಈಗಲೇ ಬಿಸಿಲು ಅಂಗಳಕ್ಕೆ ಕಾಲಿಡಗೊಡುವುದಿಲ್ಲ. ನಿನ್ನ ಕಾಗದದ ವಿಷಯ ಅವನಿಗೆ ಹೇಳಿಲ್ಲ. ಹೇಳಿದರೆ ಕುರಿಯನ್ನೆಲ್ಲ ಅಲ್ಲೇ ಬಿಟ್ಟು ರಾಯಚೂರಿಗೆ ಹೋಗಿ ರೈಲು ಹತ್ತುತ್ತಾನೆ. ಬೊಂಬಾಯಿಗೆ ಬಂದು, ಯಾರು ಏನು ಕೇಳಿದರೂ ಹೂಂ ಅನ್ನುತ್ತಾನೆ. ನನ್ನ ತಮ್ಮ ಒಳ್ಳೆಯವನು, ಅಷ್ಟೇ. ಮನೆ ನಡೆಸಲು ಅದು ಸಾಲದು.

ನಿನ್ನ ತಂಗಿ ಬಾಲಮ್ಮನ ಮದುವೆ ಯುಗಾದಿ ಮುಗಿದ ಮೇಲೆ, ಬಸವ ಜಯಂತಿಯೊಳಗೆ ಎಂದು ನಿಶ್ಚಯವಾಗಿದೆ. ಹುಡುಗ ಮಾನ್ವಿ ಕಡೆಯ ಮಲ್ಲಟದವನು, ನಿಮ್ಮ ಮೇಸ್ತ್ರಿ ಮಾಳಿಂಗಪ್ಪನ ಖಾಸಾ ತಮ್ಮ ಎಂದು ನಿನಗೆ ನಾನು ಹೇಳಬೇಕೇ? ನಿನ್ನ ದುಡಿಮೆ ನೋಡಿಯೇ ಅಲ್ಲವೇ ಮಾಳಿಂಗಪ್ಪ 'ಇವನ ತಂಗಿ ನಮ್ಮ ಮನಿಗೆ ಬರ್ಲಿ' ಅಂದದ್ದು. ಹುಡುಗನಿಗೆ ಕಾಲುವೆ ಇಲಾಖೆಯಲ್ಲಿ ಕಾಯಂ ನೌಕರಿ. ಕುರಿ ಕಾಯುವವರ ಮನೆಯ ಹುಡುಗಿಗೆ ಇಂಥ ಸಂಬಂಧ ತಾನಾಗಿ ನಡೆದು ಬರುವುದು ಸಾಮಾನ್ಯವೇ? ಇವಳಂತೂ ಕನ್ನಡಿಯ ಮುಂದಿನಿಂದ ಏಳುವುದಿಲ್ಲ. ಬೈದರೆ ನಗುತ್ತಾಳೆ.

ಈಗ ನಿನ್ನ ಕಾಗದಕ್ಕೆ ಬರುತ್ತೇನೆ. ವರ್ಷವಿಡೀ ನೀನು ಸಂಡಾಸಿನಲ್ಲಿ ರಕ್ತ ಸುರಿಸಿದೆ. ಬೊಂಬಾಯಿಯ ಸಣ್ಣ ದವಾಖಾನೆಯವರು, ಸೈಟಿಗೆ ಬರುವ ಕಾಂಪೌಂಡರು, ದಸರೆಗೆ ಬಂದಾಗ ನಾವು ರಾಯಚೂರಿನಲ್ಲಿ ತೋರಿಸಿದ ಡಾಕ್ಟರು, ಎಲ್ಲರದೂ ಒಂದೇ ಮಾತು: ಮೂಲವ್ಯಾಧಿ. ವಯಸ್ಸಿನ ಹುಡುಗ, ಎಲ್ಲಿಂದಲೋ ಬಂದ ಕೂಲಿಯವನು, ಖಾರ ತಿನ್ನುವವನು, ಮತ್ತೇನಿದ್ದೀತು ಎಂದು ಯಾರೂ ಮುಟ್ಟಿ ನೋಡಲಿಲ್ಲ. ನಾನೂ ಮಟಮಾರಿಯ ಮುದುಕನ ಹತ್ತಿರ ಹೋಗಿ ಮೂಲವ್ಯಾಧಿಯ ಉಂಗುರ ಮಾಡಿಸಿ ನಿನ್ನ ಬೆರಳಿಗೆ ಹಾಕಿದೆ. ಕಟ್ಟಡದ ಮೇಲೆ ತಲೆಸುತ್ತಿ ಬಿದ್ದ ಮೇಲೆಯೇ ನಿನ್ನನ್ನು ದೊಡ್ಡ ಆಸ್ಪತ್ರೆಗೆ ಒಯ್ದದ್ದು. ಅಲ್ಲಿಯ ಡಾಕ್ಟರಮ್ಮ ಕರುಳಿನಲ್ಲಿ ಗಡ್ಡೆ ಎಂದಳು, ಕ್ಯಾನ್ಸರ್ ಎಂದಳು. ಅವಳು ಹಿಂದಿಯಲ್ಲಿ ಕೇಳಿದ್ದನ್ನು ಮಾಳಿಂಗಪ್ಪ ನಿನಗೆ ಕನ್ನಡದಲ್ಲಿ ಹೇಳಿದ: 'ನಿಮ್ಮವ್ವಗ, ಅವ್ವನ ಕಡೆಯವ್ರಿಗೆ ಯಾರಿಗರ ಈ ಬ್ಯಾನಿ ಇತ್ತೇನಲೇ?' ನೀನು ಇಲ್ಲ ಎಂದೆ. ಶಹಬ್ಬಾಸ್. ಆದರೆ ಆಮೇಲೆ ಅವಳು ಆಡಿದ ಮಾತು ನಿನ್ನ ತಲೆ ಕೆಡಿಸಿದೆ. ರೋಗ ಮನೆತನದ್ದಾದರೆ ಗಡ್ಡೆಯ ತುಂಡು ಕತ್ತರಿಸಿದರೆ ಸಾಲದು, ದೊಡ್ಡ ಕರುಳನ್ನೇ ತೆಗೆಯಬೇಕು, ಇಲ್ಲದಿದ್ದರೆ ಇನ್ನೊಂದು ಕಡೆ ಹುಟ್ಟುತ್ತದೆ, ಆಗ ಉಳಿಸುವುದು ಕಷ್ಟ ಅಂದಳಂತೆ. ಅದಕ್ಕೇ ನೀನು ಕಾಗದದ ಕೊನೆಗೆ ಕೇಳಿದ್ದೀ: 'ಅತ್ತೀ, ಅವ್ವಂದು ಹೇಳ್ಲೇನು?'

ಹೇಳಬೇಡ.

ಡಾಕ್ಟರಮ್ಮನ ಕಿವಿಗೆ ಬೀಳುವ ಮಾತು ಮೊದಲು ಮಾಳಿಂಗಪ್ಪನ ಬಾಯಿಗೆ ಬೀಳಬೇಕು. ಅವನ ಬಾಯಿಂದ ಮಲ್ಲಟಕ್ಕೆ ಬರಲು ಎಷ್ಟು ಹೊತ್ತು? ಬೇರೆ ಯಾರನ್ನಾದರೂ ಕರೆದುಕೊಂಡು ಹೋಗಲೇ ಎಂದಿದ್ದೀ. ಯಾರನ್ನು? ನಿಮ್ಮ ಸೈಟಿನಲ್ಲಿ ಹಿಂದಿ ಬಲ್ಲ ನಮ್ಮ ಕಡೆಯವನು ಅವನೊಬ್ಬನೇ, ನಿನಗೆ ರಜೆ ಕೊಡುವವನೂ ಅವನೇ. ಪಾಪ, ಕೆಲಸ ಬಿಟ್ಟು ನಿನ್ನ ಹಿಂದೆ ಆಸ್ಪತ್ರೆಗೆ ಅಲೆಯುತ್ತಿದ್ದಾನೆ. ಅವನನ್ನು ಬಿಟ್ಟು ಹೋದರೆ ಏನೋ ಮುಚ್ಚಿಡುತ್ತಿದ್ದೀ ಎಂದು ತಿಳಿಯದಷ್ಟು ದಡ್ಡನೇ ಅವನು? ನಿಶ್ಚಯಕ್ಕೆ ಬಂದ ದಿನ ಅವನ ತಾಯಿ ಎಲೆ ಮೆಲ್ಲುತ್ತ ನನ್ನ ಮುಖವನ್ನೇ ನೋಡಿ ಕೇಳಿದಳು: 'ನಿಮ್ಮ ಮನ್ಯಾಗ ತೊನ್ನು, ಮೂರ್ಛೆ, ಮತ್ತೊಂದು ಏನೂ ಇಲ್ಲಲ್ಲರೀ? ಹುಡುಗಿ ತಾಯಿ ಭಾಳ ಸಣ್ಣ ವಯಸ್ಸಿಗೇ ಹ್ವಾದ್ಳಂತ.' ನಾನು ತಲೆ ಎತ್ತದೆ ಹೇಳಿದೆ: 'ಬಸುರಿಳಿದು ಹ್ವಾದ್ಳ್ರೀ. ನಮ್ಮ ಮನ್ಯಾಗ ನೆಗಡಿ ಬಿಟ್ರ ಬ್ಯಾರೆ ಬ್ಯಾನಿ ಗೊತ್ತಿಲ್ಲ.' ಮುದುಕಿ ನಕ್ಕಳು, ಬಾಲಮ್ಮನ ಉಡಿ ತುಂಬಿದಳು. ನಿನ್ನ ಕಾಯಿಲೆಗೆ ಬೊಂಬಾಯಿಯ ನೀರು ಕಾರಣ ಎಂದು ಈಗ ಅವರೇ ಹೇಳಿಕೊಂಡು ತಿರುಗುತ್ತಿದ್ದಾರೆ. ತಿರುಗಲಿ. ದುಡಿಯಲು ಊರು ಬಿಟ್ಟವನಿಗೆ ಅಲ್ಲಿ ಹತ್ತಿದ ರೋಗವನ್ನು ಯಾರೂ ಮನೆತನದ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಿನ್ನ ತಾಯಿ ಬೂದೆಮ್ಮ ಹೇಗೆ ಹೋದಳೆಂದು ನೀನು ಕಣ್ಣಾರೆ ಕಂಡಿದ್ದೀ. ಇದೇ ರೋಗ, ಆಗ ಅವಳು ನಿನ್ನ ಈಗಿನ ವಯಸ್ಸಿಗಿಂತ ನಾಲ್ಕಾರು ವರ್ಷ ದೊಡ್ಡವಳು ಅಷ್ಟೇ. ಬಸುರಿಳಿಯಿತು ಎಂಬ ಕತೆ ಕಟ್ಟಿದವಳು ನಾನು, ಅದಕ್ಕೆ ಇಂದಿಗೂ ನನಗೆ ನಾಚಿಕೆಯಿಲ್ಲ. ಆ ರೋಗ ನಮ್ಮದಲ್ಲ. ಯಾಪಲದಿನ್ನಿಯಿಂದ, ಅವಳ ತವರಿನಿಂದ ಬಂದದ್ದು. ಅವಳ ಅಣ್ಣನೂ ಮೀಸೆ ಬಲಿಯುತ್ತಿದ್ದ ವಯಸ್ಸಿನಲ್ಲೇ ಹೀಗೇ ಸವೆದು ಹೋಗಿದ್ದ. ಹೆಣ್ಣು ಕೇಳಲು ನಾವು ಹೋದಾಗ ಅವರು ಹಾವು ಕಚ್ಚಿತು ಅಂದರು. ಬೂದೆಮ್ಮ ಹಾಸಿಗೆ ಹಿಡಿದ ಮೇಲೆ ಅವಳೇ ನನ್ನ ಕೈ ಹಿಡಿದು 'ಯಕ್ಕಾ, ನಮ್ಮಣ್ಣಗ ಹಾವು ಕಡಿದಿದ್ದಿಲ್ಲ' ಅಂದಳು. ನನಗೆ ಬಂದ ಸಿಟ್ಟಿಗೆ ಕೈ ಕೊಸರಿಕೊಂಡು ಹೊರಗೆ ಬಂದೆ, ನೀರು ಕೇಳಿದರೂ ತಿರುಗಿ ನೋಡಲಿಲ್ಲ. ಆದರೂ ಯಾಪಲದಿನ್ನಿಯವರ ಮೇಲೆ ಪಂಚಾಯಿತಿ ಕೂಡಿಸಿದೆವೇ? ಅವಳನ್ನು ಬಂಡಿ ಹತ್ತಿಸಿ ತವರಿಗೆ ಅಟ್ಟಿದೆವೇ? ಮನೆಗೆ ಬಂದ ಮೇಲೆ ನಮ್ಮವಳು ಎಂದು ಮಣ್ಣಾಗುವ ತನಕ ಹೇಲು ಉಚ್ಚೆ ಬಳಿದೆ. ಆಮೇಲೆ ಯೋಚಿಸಿದರೆ ಅವರು ಮಾಡಿದ್ದೇ ಸರಿ ಅನ್ನಿಸಿತು. ನಿಜ ಹೇಳಿದ್ದರೆ ಆ ಹುಡುಗಿಗೆ ಗಂಡನೇ ಸಿಗುತ್ತಿರಲಿಲ್ಲ. ನೀವಿಬ್ಬರೂ ಹುಟ್ಟುತ್ತಿರಲಿಲ್ಲ.

ಅದಕ್ಕೇ ಹೇಳುತ್ತೇನೆ, ಡಾಕ್ಟರಮ್ಮ ಮತ್ತೆ ಕೇಳಿದರೆ ಇಲ್ಲ ಅನ್ನು. ಗಡ್ಡೆ ಇದ್ದಷ್ಟು ಕತ್ತರಿಸಲಿ, ಸಾಕು. ಕರುಳನ್ನೆಲ್ಲ ತೆಗೆಸಿ, ಹೇಲು ಬೀಳಲು ಹೊಟ್ಟೆಗೆ ಚೀಲ ಕಟ್ಟಿಕೊಂಡು ತಿರುಗುವುದೂ ಒಂದು ಬದುಕೇ? ಸುಳ್ಳು ಹೇಳಿದರೆ ಕರುಳಾದರೂ ಉಳಿಯುತ್ತದೆ. ಮತ್ತೆ ಬಂದರೆ ಬಂದಾಗ ನೋಡೋಣ. ಅಷ್ಟರಲ್ಲಿ ಬಾಲಮ್ಮನ ಮಡಿಲಲ್ಲಿ ಕೂಸಿರುತ್ತದೆ, ಯಾರೂ ಅವಳನ್ನು ಹೊರಗೆ ಹಾಕಲಾರರು. ಇನ್ನೊಂದು ಮಾತು. ಮದುವೆಗೆ ಬರಬೇಡ. ಈ ಮೈ ಹೊತ್ತುಕೊಂಡು ಹಂದರದಲ್ಲಿ ನಿಂತರೆ ಬೀಗರ ಕಣ್ಣೆಲ್ಲ ನಿನ್ನ ಮೇಲೆ, ನಿನ್ನ ಮೇಲಿಂದ ಹುಡುಗಿಯ ಮೇಲೆ. ಅಣ್ಣನ ಶಾಸ್ತ್ರಕ್ಕೆ ನಿನ್ನ ಚಿಕ್ಕಪ್ಪನ ಮಗನನ್ನು ನಿಲ್ಲಿಸುತ್ತೇನೆ. ಬಾಲಮ್ಮ ಈಗಿನಿಂದಲೇ ಅಣ್ಣ ಯಾವಾಗ ಬರುತ್ತಾನೆ ಎಂದು ಜೀವ ತಿನ್ನುತ್ತಾಳೆ, ರಜೆ ಸಿಗಲಿಲ್ಲ ಅನ್ನುತ್ತೇನೆ.

ಇದನ್ನು ಬರೆಯಲು ನನಗೆ ಸಂಕಟವಾಗುವುದಿಲ್ಲ ಎಂದು ತಿಳಿಯಬೇಡ. ನಿನ್ನನ್ನು ಹೆರಲಿಲ್ಲ, ಅಷ್ಟೇ. ಉಳಿದದ್ದೆಲ್ಲ ಮಾಡಿದವಳು ನಾನು. ಆದರೆ ಇಬ್ಬರನ್ನೂ ದಡ ಹತ್ತಿಸಲಾಗದಿದ್ದರೆ ಒಬ್ಬರನ್ನಾದರೂ ಹತ್ತಿಸಬೇಕು. ನಿನಗೆ ಮದುವೆಯಾಗಿದೆ, ರೈಲು ಹತ್ತಿದ್ದೀ, ಬೊಂಬಾಯಿ ಕಂಡಿದ್ದೀ. ಅವಳು ಇನ್ನೂ ಏನೂ ಕಂಡಿಲ್ಲ.

ಕರೆಮ್ಮನಿಗೆ ನನ್ನ ಆಶೀರ್ವಾದ. ಅಳುವುದು ಬಿಟ್ಟು ನಿನಗೆ ಉಣ್ಣಿಸಲು ಹೇಳು. ಮಾಳಿಂಗಪ್ಪನಿಗೆ ನಮ್ಮೆಲ್ಲರ ನಮಸ್ಕಾರ ತಿಳಿಸು, ಬೀಗರೆಂಬ ಮರ್ಯಾದೆಯಿಂದ ಮಾತಾಡು. ಬೀರಪ್ಪ ನಿನಗೆ ನೂರು ವರ್ಷ ಆಯುಷ್ಯ ಕೊಡಲಿ. ಈ ಕಾಗದ ಓದಿ ಒಲೆಗೆ ಹಾಕು.

ಇಂತಿ ನಿನ್ನ ಸೋದರತ್ತೆ,
ಬಸವಂತಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ, ಟಪಾಲು ಹೋಗುವ ಹೊತ್ತಾಯಿತು. ಬಾಲಮ್ಮನಿಗೂ ರಕ್ತ ಹೋಗುತ್ತಿದೆ. ಸಂಕ್ರಾಂತಿಯಿಂದಲೂ ಹೋಗುತ್ತಿದೆಯಂತೆ, ನನ್ನಿಂದ ಮುಚ್ಚಿಟ್ಟಿದ್ದಳು, ಮೊನ್ನೆ ಸೀರೆ ನೆನೆಹಾಕುವಾಗ ಕಂಡೆ. ಮುಟ್ಟಿನದಲ್ಲ, ನನಗೆ ಅಷ್ಟು ತಿಳಿಯದೇ? ಇಲ್ಲಿ ಯಾರಿಗೂ ತೋರಿಸುವುದಿಲ್ಲ. ರಕ್ತ ನಿಲ್ಲಲು ಆಸ್ಪತ್ರೆಯವರು ನಿನಗೆ ಕೊಟ್ಟ ಗುಳಿಗೆಗಳಲ್ಲಿ ಅರ್ಧ ತೆಗೆದು ಊರಿಗೆ ಬರುವವರ ಕೈಯಲ್ಲಿ ಬೇಗ ಕಳಿಸು, ಮಾಳಿಂಗಪ್ಪನ ಕೈಗೆ ಮಾತ್ರ ಬೇಡ. ಧಾರೆ ಎರೆಯುವ ತನಕ ತಡೆದರೆ ಸಾಕು, ಆಮೇಲೆ ಅವಳು ಮಲ್ಲಟದವರ ಮನೆಯವಳು.