ತಲೆ ತಿರುಗಿದ ತಿಂಗಳು

ನ್ಯಾಮತಿ, ಜೂನ್ 28, 1984
ಬೋರ್ಡಿನ ಮೇಲ್ತುದಿಯಲ್ಲಿ ತಾರೀಖು ಬರೆಯಲು ಕತ್ತೆತ್ತಿದೆ. ಗೋಡೆ ಸಮೇತ ಕ್ಲಾಸೇ ತಿರುಗಿತು. ಮತ್ತೆ ಅದೇ! ಮೇಜು ಹಿಡಿದು ನಿಂತೆ. ಇನ್ನು ಮೇಲೆ ತಾರೀಖು ಮಕ್ಕಳೇ ಬರೆಯಲಿ. ಮನೆಗೆ ಬಂದವಳೇ ಬಚ್ಚಲಲ್ಲಿ ವಾಂತಿ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಬೈಯಲಿಲ್ಲ. ನಕ್ಕರು.

ಜೂನ್ 30
ತಲೆಸುತ್ತು, ವಾಂತಿ... ಅತ್ತೆಗೆ ಅಷ್ಟೇ ಸಾಕಾಯಿತು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಸೊಸೆ ಬಸುರಿ! ಓಣಿಗೆಲ್ಲ ಸಕ್ಕರೆ ಹಂಚಿ ಬಂದರು. "ಕೊಡ ಮುಟ್ಟಬ್ಯಾಡ ಗಂಗಾ, ನೀರು ನಾನು ತರ್ತೀನಿ." ತಲೆ ತಿರುಗುವುದಕ್ಕೆ ಇಷ್ಟು ಮರ್ಯಾದೆ ಇದೆಯೆಂದು ಗೊತ್ತಿರಲಿಲ್ಲ.

ಹೋದ ವಾರವಷ್ಟೇ ಮುಟ್ಟಾಗಿದ್ದೆ. ಬೇರೆಯವರ ಮನೆಯಾಗಿದ್ದರೆ ಹೊರಗೆ ಕೂತದ್ದು ಊರಿಗೇ ಕಾಣುತ್ತಿತ್ತು. ನಮ್ಮದು ಲಿಂಗವಂತರ ಮನೆ, ಆ ಮೈಲಿಗೆ ಇಲ್ಲ. ಅಡಿಗೆ ಮಾಡಿದೆ, ಲಿಂಗಪೂಜೆಯನ್ನೂ ಮಾಡಿದೆ. ಅತ್ತೆಗೆ ಹೇಗೆ ತಿಳಿಯಬೇಕು? ಇವರಿಗೆ ಗೊತ್ತು. "ನೀನೇ ಹೇಳ್ಬಿಡು" ಅಂದು ಅಂಗಡಿಗೆ ಹೋದರು. ಭಾರಿ ಧೈರ್ಯವಂತರು!

ಜುಲೈ 3
ಹೇಳಲಿಲ್ಲ. ಹೆದರಿಕೆ. ಚನ್ನಗಿರಿಯಲ್ಲಿರುವ ಅತ್ತೆಯ ತಮ್ಮ ಕೊಟ್ರಬಸಪ್ಪನವರ ಮಗಳನ್ನು ಇವರಿಗೆ ಎರಡನೆಯವಳಾಗಿ ತರುವ ಮಾತು ಯುಗಾದಿಯಿಂದ ನಡೆದಿತ್ತು. ಈಗ ಗಪ್‌ಚುಪ್. ನಿಜ ಹೇಳಿದರೆ ಮತ್ತೆ ಶುರು. ಇವರ ಮೇಲೆ ನಂಬಿಕೆ ಇದೆ... ಅರ್ಧ.

ಜುಲೈ 12, ಗುರುವಾರ
ಟ್ರೇನಿಂಗ್ ಎಂದು ಸುಳ್ಳು ಹೇಳಿ ಹೊನ್ನಾಳಿಗೆ ಹೋಗಿದ್ದೆ. ಅಕ್ಯುಪಂಕ್ಚರ್ ಡಾಕ್ಟರು ಗುರುವಾರಕ್ಕೊಮ್ಮೆ ಬರುತ್ತಾರೆ, ಕೊಲಂಬೋದಲ್ಲಿ ಕಲಿತವರಂತೆ. ಕೂದಲಿನಷ್ಟು ಸಣ್ಣ ಸೂಜಿ. ಮಣಿಕಟ್ಟಿಗೆ, ಕಿವಿಯ ಹಿಂದೆ, ಹೆಬ್ಬೆರಳಿನ ಬುಡಕ್ಕೆ. ಇರುವೆ ಕಚ್ಚಿದ ಹಾಗೆ, ಆಮೇಲೆ ಜೋಮು. "ಇದು ಕಿವಿ ಒಳಗಿನ ತೊಂದರೆ. ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲಮ್ಮ. ಕಡಿಮೆ ಆಗಬಹುದು, ಬರ್ತಾ ಇರಿ" ಅಂದರು. ಹಾಗೆ ಹೇಳಿದ್ದಕ್ಕೇ ನಂಬಿಕೆ ಬಂತು. ವಾಪಸ್ ಬರುವಾಗ ಬಸ್ಸಿನ ಕಿಟಕಿಯಿಂದ ಆಚೆ ನೋಡಿದೆ. ಎಷ್ಟು ದಿನವಾಗಿತ್ತು!

ಜುಲೈ 26
ಈವತ್ತು ಆದದ್ದನ್ನು ಬರೆದುಬಿಡುತ್ತೇನೆ.

ನಾನು ಎಲ್ಲಿ ಹೋಗುತ್ತೇನೆಂದು ಕಂಡಕ್ಟರ್ ಬೀರಲಿಂಗಪ್ಪ ಅತ್ತೆಯ ಮುಂದೆ ಬಾಯಿಬಿಟ್ಟಿದ್ದಾನೆ. "ಹೊಟ್ಟ್ಯಾಗೆ ಕೂಸು ಇಟ್ಕಂಡು ಸೂಜಿ ಚುಚ್ಚಿಸ್ಕಂತಾಳೆ!" ಎಂದು ಅತ್ತೆ ನನ್ನ ಜೊತೆಗೇ ಬಸ್ ಹತ್ತಿದರು. ದಾರಿಯಲ್ಲಾದರೂ ಹೇಳಬಹುದಿತ್ತು. ಟಿಕೆಟ್ ಮಡಚುತ್ತಾ ಕೂತೆ. ಡಾಕ್ಟರು ಸೂಜಿ ಎತ್ತುತ್ತಲೇ ಅತ್ತೆ ಕೈ ಅಡ್ಡ ಇಟ್ಟರು. "ತಡೀರಿ ಸ್ವಾಮಿ, ಕೂಸಿಗೆ ಏನೂ ಆಗಲ್ಲೇನ್ರೀ?"

ಡಾಕ್ಟರು ನನ್ನ ಕಡೆ ತಿರುಗಿದರು. "ಬಸುರಿನಾ? ಮೊದಲೇ ಹೇಳಬಾರದಾ ತಾಯಿ? ಹೆಬ್ಬೆರಳಿನ ಹತ್ತಿರ ಚುಚ್ಚಬಾರದು. ನಿಜ ಹೇಳಿ."

ಹೌದು ಅಂದರೆ ಮನೆಯಲ್ಲಿ ರಾಣಿ, ಆದರೆ ಸೂಜಿ ಇಲ್ಲದೆ ತಲೆ ತಿರುಗುತ್ತಲೇ ಇರಬೇಕು. ಅತ್ತೆ ನನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದರು. ಆ ಕೈ ಬಿಸಿಯಾಗಿತ್ತು. ಸಹಿಸಲಾಗಲಿಲ್ಲ.

"ಇಲ್ಲ ಡಾಕ್ಟ್ರೇ. ಏನೂ ಇಲ್ಲ."

ಅತ್ತೆ ಕೈ ತೆಗೆದರು. ಬಸ್ಸಿನಲ್ಲಿ ಒಂದೇ ಮಾತು: "ಊರಿಗೆಲ್ಲ ಹೇಳ್ಕಂಡು ತಿರುಗ್ತಿದ್ದೆ. ನೀನು ನೋಡ್ಕಂತಾ ಇದ್ಯಲ್ಲ..." ಸತ್ತೇ ಹೋಗಬೇಕೆನಿಸಿತು.

ಆಗಸ್ಟ್ 9
ಮನೆಯಲ್ಲಿ ಮಾತಿಲ್ಲ. ಇವರು ಅಮ್ಮನ ಮುಂದೆ ಕೂತು, "ಇನ್ನೊಂದು ಮದುವೆ ನನಗೆ ಬ್ಯಾಡ" ಅಂದರಂತೆ. ಇಷ್ಟು ದಿನ ಎಲ್ಲಿತ್ತೋ ಈ ಧ್ವನಿ!

ಗುರುವಾರ. ಹೊನ್ನಾಳಿಗೆ ಒಬ್ಬಳೇ ಹೋಗಲು ಅಳುಕು. ಚಪ್ಪಲಿ ಮೆಟ್ಟುತ್ತಿದ್ದಾಗ ಅತ್ತೆ ಒಳಗಿಂದ ಬಂದರು, ಬೇರೆ ಸೀರೆ ಉಟ್ಟು. "ಹಾದೀಲಿ ಬಿದ್ದೀಯ, ನಡಿ." ಡಾಕ್ಟರ ಹತ್ತಿರ ಗೋಡೆ ನೋಡುತ್ತಾ ಕೂತಿದ್ದರು.

ಆಗಸ್ಟ್ 18
ಬೆಳಿಗ್ಗೆ ಮಗ್ಗಲು ಬದಲಿಸಿದೆ. ತಿರುಗಲಿಲ್ಲ. ಎದ್ದೆ, ಬಗ್ಗಿದೆ, ಕತ್ತೆತ್ತಿ ಮಾಳಿಗೆ ನೋಡಿದೆ. ತೊಲೆ ಇದ್ದಲ್ಲೇ ಇತ್ತು. ಖುಷಿಯಾಯಿತು. ಹಿಂದೆಯೇ ಏನೋ ಕಳೆದುಕೊಂಡ ಹಾಗೂ ಆಯಿತು.

ಅತ್ತೆ ಒಲೆಯ ಮುಂದೆ ಕೂತಿದ್ದರು. "ಹೆಂಗೈತೆ ತಲೆ?"

"ಈವತ್ತು ತಿರುಗಲಿಲ್ಲ ಅತ್ತೆ."

"ಒಳ್ಳೇದಾತು." ಒಲೆಗೆ ಕಟ್ಟಿಗೆ ಜೋಡಿಸಿದರು. "ಸೋಮವಾರ ತಮ್ಮ ಬರ್ತಾನೆ. ಮಗಳಿಗೆ ಬ್ಯಾರೆ ಕಡೆ ನೋಡ್ಕ ಅಂತ ಹೇಳಿ ಕಳಿಸ್ತೀನಿ." ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಹಾಳಾದ್ ಹೊಗೆ" ಅಂದರು.

ಒಲೆ ಇನ್ನೂ ಹಚ್ಚಿರಲಿಲ್ಲ. ನಾನೂ ಪಕ್ಕದಲ್ಲಿ ಕೂತೆ. ನನ್ನ ಕಣ್ಣಿಗೂ ಅದೇ ಹೊಗೆ... ಇಬ್ಬರೂ ಸೇರಿ ಒಲೆ ಹಚ್ಚಿದೆವು.