ಬಾಗಿಲಿಗೆ ಬಾರದ ನಾಯಿ

ಫೆಬ್ರವರಿ 6, ಶುಕ್ರವಾರ

ಇವತ್ತೂ ಇಬ್ಬರಿಗಾಗುವಷ್ಟು ಅಕ್ಕಿ ಇಟ್ಟುಬಿಟ್ಟೆ. ಕೈಗೆ ಇನ್ನೂ ಬುದ್ಧಿ ಬಂದಿಲ್ಲ. ಮಗಳು ಧೃತಿ ಊರು ಬಿಟ್ಟು ಆರು ತಿಂಗಳಾಯಿತು. ಚೇತನಾಳಿಗೆ ಶಿಕಾಗೊ ಕಡೆ, ನೇಪರ್‌ವಿಲ್‌ನಲ್ಲಿ ಕೆಲಸ ಸಿಕ್ಕಿತು; ಇವಳೂ ತಾಯಿಯ ಜೊತೆ ಹೋದಳು. ಡಿವೋರ್ಸ್ ಆದಾಗಲೂ ಮನೆ ಇಷ್ಟು ಖಾಲಿ ಅನ್ನಿಸಿರಲಿಲ್ಲ. ಆಗ ಎಲ್ಲರೂ ಇಲ್ಲೇ, ಟ್ರಾಯ್‌ನಲ್ಲೇ ಇದ್ದೆವು. ಈಗ ಹದಿನೈದು ದಿನಕ್ಕೊಮ್ಮೆ ಕಲಮಜೂ ಎಕ್ಸಿಟ್... ಅರ್ಧ ದಾರಿಯ ಗ್ಯಾಸ್ ಸ್ಟೇಷನ್‌ನಲ್ಲಿ ಮಗಳು ಆ ಕಾರಿನಿಂದ ಇಳಿದು ಈ ಕಾರು ಹತ್ತುತ್ತಾಳೆ.

ಒಂದು ವರ್ಷ ನೋಡೋಣ ಅಂತ ಮಾತಾಗಿತ್ತು. ಆಗಸ್ಟ್‌ಗೆ ಹೈಸ್ಕೂಲ್. ಅಲ್ಲೋ ಇಲ್ಲೋ — ಏಪ್ರಿಲ್‌ನಲ್ಲಿ ಅವಳೇ ಹೇಳಬೇಕು.

ಹೋದ ಸಲ ಕಾರಿನಲ್ಲಿ "ಅಪ್ಪಾ, ಯು ಶುಡ್ ಗೆಟ್ ಎ ಡಾಗ್" ಅಂದಳು. ಆ ಮಾತು ಹಿಡಿದುಕೊಂಡು ಕೂತಿದ್ದೇನೆ. ನಾಯಿ ಇದ್ದರೆ ಬರುತ್ತಾಳೆ. ಬಂದೇ ಬರುತ್ತಾಳೆ.

ಫೆಬ್ರವರಿ 8, ಭಾನುವಾರ

ಆಫೀಸಿನಲ್ಲಿ ಕಾರಿನ ಬಾಗಿಲಂಚಿಗೆ ಹಾಕುವ ಎರಡು ರಬ್ಬರ್ ಸೀಲ್‌ಗಳಲ್ಲಿ ಒಂದನ್ನು ಆರಿಸುವಾಗ ಮಾಡುವ ಹಾಗೇ ಎಕ್ಸೆಲ್ ತೆರೆದೆ. ಪ್ರತಿ ಗುಣಕ್ಕೂ ಒಂದು ತೂಕ, ಪ್ರತಿ ನಾಯಿಗೂ ಅಂಕ. ಇಪ್ಪತ್ತು ವರ್ಷದ ಚಟ, ಬಿಡುತ್ತದೆಯೇ!

ಬಸೆಂಜಿ — ಆಫ್ರಿಕಾದ್ದು. ಬೊಗಳುವುದಿಲ್ಲ. ಬೆಕ್ಕಿನ ಹಾಗೆ ತನ್ನ ಮೈ ತಾನೇ ನೆಕ್ಕಿ ಚೊಕ್ಕ ಮಾಡಿಕೊಳ್ಳುತ್ತದೆ. ಚಳಿ, ಮಳೆ ಎರಡೂ ಆಗದು. ಶಿಬಾ — ಜಪಾನಿನದು. ಸ್ನೋ ಕಂಡರೆ ಹಬ್ಬ. ರಾಶಿ ಕೂದಲು. ಉಗುರು ಕತ್ತರಿಸಹೋದರೆ ಕೊಲೆಯಾಗುತ್ತಿರುವ ಹಾಗೆ ಕಿರುಚುತ್ತದಂತೆ. ಎರಡೂ ಪುಟ್ಟವು. ಎರಡೂ ತಾನಾಯಿತು ತನ್ನ ಪಾಡಾಯಿತು ಎನ್ನುವ ಜಾತಿ. ಕರೆದ ತಕ್ಷಣ ಬರುವವಲ್ಲ.

ಅತಿ ಹೆಚ್ಚು ತೂಕ ಕೊಟ್ಟದ್ದು 'ಒಂಟಿಯಾಗಿ ಇರಬಲ್ಲದೇ' ಎಂಬುದಕ್ಕೆ. ಬೆಳಿಗ್ಗೆ ವಾರೆನ್‌ನ ಆಫೀಸಿಗೆ ಹೋದರೆ ನಾನು ಬರುವುದು ಸಂಜೆ. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅಂಕ ಬಂತು. ಇನ್ನು ಕಣ್ಣಾರೆ ನೋಡಬೇಕು.

ಫೆಬ್ರವರಿ 14, ಶನಿವಾರ

ವೆಸ್ಟ್ ಬ್ಲೂಮ್‌ಫೀಲ್ಡ್‌ಗೆ ಹೋಗಿದ್ದೆ. ಡಾಕ್ಟರ್ ಲುಬ್ನಾ ಹುಬ್ಬಳ್ಳಿಯವರು, ಪಶುವೈದ್ಯೆ. ಮನೆ ಕಳೆದುಕೊಂಡ ನಾಯಿಗಳನ್ನು ಕ್ಲಿನಿಕ್‌ನ ಹಿಂಭಾಗದಲ್ಲಿ ಸಾಕುತ್ತಾರೆ. ಅದೃಷ್ಟಕ್ಕೆ ಎರಡೂ ಇದ್ದವು. ಝೂರಿ ಎಂಬ ಬಸೆಂಜಿ, ಕೀಕೊ ಎಂಬ ಶಿಬಾ. ನನ್ನ ಪ್ರಿಂಟ್‌ಔಟ್ ನೋಡಿ ನಕ್ಕರು.

"ಏನ್ರಿ, ನಾಯಿಗೂ ಎಕ್ಸೆಲ್ ಹಾಕೀರೇನು? ಅದಿರ್ಲಿ, ನಾಯಿ ನಿಮಗ ಬೇಕೋ, ಮಗಳಿಗೆ ಬೇಕೋ? ಅದನ್ನ ಮೊದ್ಲ ಹೇಳ್ರಿ."

"ಇಬ್ರಿಗೂ ಡಾಕ್ಟ್ರೇ."

"ಹಂಗಾರ ಒಂದೊಂದ್ ವೀಕೆಂಡ್ ಒಯ್ದು ನೋಡ್ರಿ. ಅವೂ ನಿಮ್ಮನ್ನ ನೋಡ್ಲಿ."

ಫೆಬ್ರವರಿ 21, ಶನಿವಾರ

ಹನ್ನೊಂದು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಝೂರಿ ಹೊಸ್ತಿಲಲ್ಲಿ ಒಂದು ಕಾಲು ಎತ್ತಿ ನಿಂತಿತು, ಹೊರಗೆ ಹೋಗಲೊಲ್ಲದು. ಧೃತಿ ತನ್ನ ಕ್ಲಾಸೆಟ್ ಕೆದಕಿ ಹಳೇ ಸ್ವೆಟರ್ ತಂದಳು — ನನ್ನ ಅಮ್ಮ ಮೈಸೂರಿನಿಂದ ಹೆಣೆದು ಕಳಿಸಿದ್ದು, ಧೃತಿಯ ಮೊದಲ ಚಳಿಗಾಲಕ್ಕೆ. ನಾಯಿಗೆ ಅಳತೆ ತೆಗೆದು ಹೆಣೆದ ಹಾಗಿತ್ತು. ಬಿದ್ದು ಬಿದ್ದು ನಕ್ಕಳು. ಈ ಮನೆಯಲ್ಲಿ ಆ ನಗು ಕೇಳಿ ಎಷ್ಟು ಕಾಲವಾಗಿತ್ತು.

ಮೊಸರನ್ನ ಕಲಸಿ ಇಟ್ಟೆ. ಝೂರಿ ಮೂಸಿ, ನನ್ನ ಮುಖ ನೋಡಿ, ಹೋಗಿ ಸೋಫಾ ಹತ್ತಿತು.

"ಅಪ್ಪಾ, ಶಿ ಈಸ್ ಸೋ ಕ್ವಯೆಟ್. ಜಸ್ಟ್ ಲೈಕ್ ಯು."

ಫೆಬ್ರವರಿ 22, ಭಾನುವಾರ

ಕಲಮಜೂದಿಂದ ವಾಪಸ್. ಝೂರಿಯನ್ನು ಸ್ವೆಟರ್ ಸಮೇತ ಲುಬ್ನಾ ಅವರಲ್ಲಿ ಬಿಟ್ಟುಬಂದೆ. ಧೃತಿ ಬ್ಯಾಗ್ ತಾನೇ ಎತ್ತಿಕೊಂಡಳು, ತಿರುಗಿ ನೋಡದೆ ಅಮ್ಮನ ಕಾರು ಹತ್ತಿದಳು. ಅಳುವುದಿಲ್ಲ. ಚಿಕ್ಕಂದಿನಿಂದ ನಾನೇ ಕಲಿಸಿದ್ದು — ನಿನ್ನ ಕೆಲಸ ನೀನೇ ಮಾಡಿಕೊ, ಯಾರಿಗೂ ಕಾಯಬೇಡ. ಒಂದು ಸಲವಾದರೂ ತಿರುಗಲಿ ಅಂತ ಕಾರು ಸ್ಟಾರ್ಟ್ ಮಾಡದೆ ಕೂತಿದ್ದೆ.

ಮಾರ್ಚ್ 8, ಭಾನುವಾರ, ಸಂಜೆ

ಈ ಸಲ ಕೀಕೊ. ಕಾರ್ಪೆಟ್ ತುಂಬ ಕೂದಲು. ಸ್ನಾನ ಮಾಡಿಸಹೋದರೆ ಅದು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಪೊಲೀಸರಿಗೆ ಫೋನ್ ಮಾಡದಿದ್ದದ್ದೇ ಪುಣ್ಯ.

ಊಟದ ಹೊತ್ತಿಗೆ ಧೃತಿ ಕೇಳಿದಳು. "ವಿಚ್ ಒನ್ ಈಸ್ ಓಕೇ ಬೀಯಿಂಗ್ ಅಲೋನ್?"

ಖುಷಿಯಾಯಿತು. ನನ್ನ ಪಟ್ಟಿಯಲ್ಲೂ ಅದೇ ಮೊದಲಲ್ಲವೇ. "ಎರಡೂ ಪುಟ್ಟಾ! ಬೆಳಿಗ್ಗೆ ಚೆನ್ನಾಗಿ ಓಡಾಡಿಸಿದ್ರೆ ಸಾಕು. ಯಾರೂ ಬೇಕಾಗಲ್ಲ ಅವಕ್ಕೆ."

ಚಮಚ ಕೆಳಗಿಟ್ಟಳು. "ದೆನ್ ನೈದರ್. ಯು ನೀಡ್ ಒನ್ ದಟ್ ವೆಯ್ಟ್ಸ್ ಫಾರ್ ಯು, ಅಪ್ಪಾ. ಲೈಕ್, ಗೋಸ್ ಕ್ರೇಜಿ ಅಟ್ ದ ಡೋರ್."

ತಮಾಷೆ ಅಂದುಕೊಂಡು ನಕ್ಕೆ. ಅವಳನ್ನು ಬಿಟ್ಟು ಐ-94 ಹೈವೇಯಲ್ಲಿ ಒಬ್ಬನೇ ಬರುವಾಗ ಹೊಳೆಯಿತು. 'ನಮಗೆ' ಅನ್ನಲಿಲ್ಲ. 'ನಿಂಗೆ' ಅಂದಳು. ಮೊದಲ ಸಲವೂ ಹಾಗೇ ಅಂದಿದ್ದಳು. ಅವಳನ್ನು ಕರೆತರಲು ನಾನು ನಾಯಿ ಹುಡುಕುತ್ತಿದ್ದರೆ, ಅವಳು ತಾನಿಲ್ಲದಾಗ ನನಗೆ ಜೊತೆಗಿರಲಿ ಅಂತ ಹುಡುಕುತ್ತಿದ್ದಾಳೆ.

ಆನ್ ಆರ್ಬರ್ ಹತ್ತಿರ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ ಅತ್ತೆ. ಹಿಂದಿನ ಸೀಟಿನಲ್ಲಿ ಕೀಕೊ ಬೆನ್ನು ತಿರುಗಿಸಿಕೊಂಡು ಕೂತಿತ್ತು.

ಏಪ್ರಿಲ್ 5, ಭಾನುವಾರ

ಬರೆಯಲು ಮನಸ್ಸಾಗಿರಲಿಲ್ಲ. ಧೃತಿ ಎರಡು ಸಲ ಬರಲಿಲ್ಲ. ಒಮ್ಮೆ ಸೈನ್ಸ್ ಫೇರ್, ಒಮ್ಮೆ ಫ್ರೆಂಡ್ ಬರ್ತ್‌ಡೇ. ಕಾರಣಗಳೆಲ್ಲ ನಿಜವೇ.

ಝೂರಿ ಇಲ್ಲೇ ಇದೆ. ಕೀಕೊಗೆ ಬೇರೆ ಮನೆ ಸಿಕ್ಕಿತು. ಸ್ವೆಟರ್ ವಾಪಸ್ ತರೋಣ ಅಂತ ಹೋದವನು ಅದನ್ನು ಬಿಚ್ಚಲಾರದೆ ನಾಯಿಯನ್ನೇ ಕರೆತಂದೆ. ಲುಬ್ನಾ ಈ ಸಲ ಏನೂ ಕೇಳಲಿಲ್ಲ. ಧೃತಿಗೂ ಹೇಳಿಲ್ಲ.

ಏಪ್ರಿಲ್ 11, ಶನಿವಾರ

ಧೃತಿ ಫೋನ್ ಮಾಡಿದ್ದಳು. ಅವಳ ದನಿ ಕೇಳಿದೊಡನೆ ತಿಳಿಯಿತು.

"ಅಪ್ಪಾ, ಐ ಥಿಂಕ್ ಐ'ಲ್ ಡು ಹೈಸ್ಕೂಲ್ ಹಿಯರ್. ಆರ್ ಯು ಮ್ಯಾಡ್?"

"ಕೋಪ ಏನಿಲ್ಲ ಪುಟ್ಟಾ. ಯೋಚ್ನೆ ಮಾಡಿ ಡಿಸೈಡ್ ಮಾಡಿದೀಯ. ಸರಿಯಾಗೇ ಮಾಡಿದೀಯ." ಆಫೀಸ್ ಮೀಟಿಂಗ್‌ನಲ್ಲಿ ಮಾತಾಡುವ ದನಿ. ಬೇರೆ ದನಿ ಬರಲಿಲ್ಲ.

ಆ ಕಡೆ ಮೂಗು ಒರೆಸಿಕೊಂಡ ಸದ್ದು. ಅಳುತ್ತಿದ್ದಳು! ನಾನು ಗಾಬರಿಯಲ್ಲಿ ಬಡಬಡಿಸಿದೆ — ಝೂರೀನ ಕರ್ಕೊಂಡ್ ಬಂದೆ ಕಣೋ, ಈಗ ತುಂಬ ಬದಲಾಗಿದೆ, ಸಂಜೆ ನನ್ ಕಾರ್ ಸೌಂಡ್ ಕೇಳಿದ್ರೆ ಸಾಕು ಓಡಿ ಬರತ್ತೆ, ಮೈಮೇಲೇ ಹಾರತ್ತೆ...

"ರಿಯಲಿ? ಅಟ್ ದ ಡೋರ್?"

"ದಿನಾ."

"ಓಹ್, ಥ್ಯಾಂಕ್ ಗಾಡ್." ಉಸಿರು ಬಿಟ್ಟಳು. "ಐ ವಾಸ್ ಸೋ ವರೀಡ್. ಫ್ರೈಡೇ ಬಂದು ನೋಡ್ತೀನಿ." ಕೊನೆಯದನ್ನು ಕನ್ನಡದಲ್ಲಿ ಹೇಳಿದಳು, ನನಗೋಸ್ಕರ.

ಏಪ್ರಿಲ್ 13, ಸೋಮವಾರ, ಸಂಜೆ ಆರು

ಬೇಗ ಬಂದೆ. ಗರಾಜ್ ಬಾಗಿಲು ಬೇಕೆಂದೇ ಸದ್ದು ಮಾಡಿ ತೆರೆದೆ. ಎಂದಿನಂತೆ ಝೂರಿ ಬರಲಿಲ್ಲ. ಮಹಡಿಯಲ್ಲಿ, ಧೃತಿಯ ಹಾಸಿಗೆಯ ಮೇಲೆ, ಸ್ವೆಟರ್‌ನೊಳಗೆ ಮುದುಡಿ ಮಲಗಿತ್ತು. ಒಂದು ಕಣ್ಣು ತೆರೆದು ನೋಡಿ ಮುಚ್ಚಿತು.

ಶುಕ್ರವಾರದೊಳಗೆ ಕಲಿಸಬೇಕು. ಅವಳು ನಿಶ್ಚಿಂತೆಯಿಂದ ವಾಪಸ್ ಹೋಗಬೇಕು. ಜೇಬಿನಲ್ಲಿ ಚೀಸ್ ತುಂಡು ಇಟ್ಟುಕೊಂಡು ಹೊರಗೆ ಹೋಗಿ ಕಾರಿನಲ್ಲಿ ಕೂತು ಮತ್ತೆ ಬಂದೆ. "ಝೂರೀ, ಬಂದೆ ಕಣೋ!" ಇಲ್ಲ. ಮತ್ತೆ ಹೋದೆ. ಎದುರು ಮನೆಯವರು ಕಿಟಕಿಯಿಂದ ನೋಡುತ್ತಿದ್ದಾರೆ, ನೋಡಲಿ. ಒಬ್ಬ ಗಂಡಸು ತನ್ನ ಮನೆಗೆ ತಾನೇ ಮತ್ತೆ ಮತ್ತೆ ಬರುತ್ತಿದ್ದಾನೆ.

ಈಗ ಹೊರಗಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಈ ಸಲ ನನ್ನ ಮನೆಯ ಬೆಲ್ ನಾನೇ ಒತ್ತಿದೆ. ಒಳಗೆ ಏನೋ... ಮಹಡಿಯ ಮೆಟ್ಟಿಲ ಮೇಲೆ ಉಗುರಿನ ಸದ್ದು. ಒಂದೊಂದೇ ಮೆಟ್ಟಿಲು. ನಿಂತಿತು. ಮತ್ತೆ —